ಸನ್ಯಾಸಿ ಏಡಿಗಳ ಜಗಳ: ಗುರುತಿಸುವುದು, ಬಿಡಿಸುವುದು, ಮತ್ತೆ ಆಗದಂತೆ ನೋಡಿಕೊಳ್ಳುವುದು

ಹೆಸರಿಗೆ ಸನ್ಯಾಸಿ, ಮನೆಯ ಮೋಹ ಮಾತ್ರ ಬಿಟ್ಟಿಲ್ಲ. ಸನ್ಯಾಸಿ ಏಡಿ ಅಂದರೆ ಹರ್ಮಿಟ್ ಕ್ರ್ಯಾಬ್. ಇದು ತನ್ನ ಚಿಪ್ಪನ್ನು ತಾನೇ ಬೆಳೆಸಿಕೊಳ್ಳುವುದಿಲ್ಲ. ಸತ್ತ ಬಸವನಹುಳುವಿನ ಖಾಲಿ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ, ಮೈ ಬೆಳೆದಂತೆ ಇನ್ನೊಂದನ್ನು ಹುಡುಕುತ್ತದೆ, ಖಾಲಿ ಚಿಪ್ಪು ಸಿಗದಿದ್ದರೆ ಪಕ್ಕದ ಏಡಿಯದನ್ನೇ ಕಸಿಯಲು ನೋಡುತ್ತದೆ. ಸಾಕುವವರ ಗಾಜಿನ ಟ್ಯಾಂಕಿನಲ್ಲಿ ಕಾಣುವ ಜಗಳಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಂದ. ಉಳಿದವು ಹೆಚ್ಚಾಗಿ ಹೊಟ್ಟೆಯ ವಿಷಯ. ಪ್ರೋಟೀನ್ ಕೊರತೆಯಾದರೆ ಪೊರೆ (ಮೈಮೇಲಿನ ಹಳೆಯ ಕವಚ) ಬಿಡುತ್ತ ಮೆತ್ತಗಾಗಿ ಬಿದ್ದಿರುವ ಜೊತೆಗಾರನೇ ಊಟವಾಗಿಬಿಡುತ್ತದೆ.

ಹಾಗಾಗಿ "ಈ ಏಡಿ ಮುಂಗೋಪಿ, ಆ ಏಡಿ ಪಾಪದ್ದು" ಎಂಬ ಲೆಕ್ಕ ಬದಿಗಿಡಿ. ಮುಂಗೋಪಿ ಎನಿಸಿಕೊಂಡದ್ದು ಹತ್ತರಲ್ಲಿ ಎಂಟು ಸಲ ಚಿಪ್ಪು ಬಿಗಿಯಾದ ಏಡಿ ಅಥವಾ ಹಸಿದ ಏಡಿ. ಅದನ್ನು ಬೇರೆ ಡಬ್ಬಿಗೆ ಹಾಕಿದರೆ ಜಗಳ ನಿಲ್ಲುತ್ತದೆ, ಕಾರಣ ಹಾಗೇ ಉಳಿಯುತ್ತದೆ. ವಾರ ಬಿಟ್ಟು ವಾಪಸ್ ಬಿಟ್ಟರೆ ಅದೇ ಕಥೆ. ಇಲ್ಲಿ ಹೇಳಿರುವುದೆಲ್ಲ ನೆಲದ ಮೇಲೆ ಬದುಕುವ ಸೀನೋಬಿಟಾ ಕುಲದ ಏಡಿಗಳಿಗೆ. ನೀರೊಳಗೇ ಇರುವ ಸಮುದ್ರದ ಹರ್ಮಿಟ್ ಏಡಿಗಳ ಸಾಕಣೆಯೇ ಬೇರೆ.

ಮೊದಲು ತಿಳಿಯಿರಿ: ಇದು ಜಗಳವೇ?

ಎರಡು ಏಡಿಗಳು ಎದುರುಬದುರು ನಿಂತು ಮೀಸೆಗಳನ್ನು ಪಟಪಟ ಆಡಿಸುವುದು, ಒಂದರ ಮೀಸೆ ಇನ್ನೊಂದರ ಮುಖಕ್ಕೆ ತಾಗುವುದು, ಆಮೇಲೆ ಒಂದು ಹಿಂದೆ ಸರಿಯುವುದು: ಇದು ಮಾತುಕತೆ. ಯಾರು ದೊಡ್ಡವರು, ಯಾರ ಚಿಪ್ಪು ಎಂಥದ್ದು ಎಂದು ವಾಸನೆ ಹಿಡಿಯುತ್ತಿವೆ ಅಷ್ಟೇ. ಒಂದರ ಮೇಲೊಂದು ಹತ್ತಿ ಆಚೆ ದಾಟುವುದು, ರಾಶಿಯಾಗಿ ಮಲಗುವುದು, ಊಟದ ತಟ್ಟೆಯಲ್ಲಿ ಕಾಲಿನಿಂದ ತಳ್ಳುವುದು ಕೂಡ ದಿನನಿತ್ಯದ್ದೇ. ಇವುಗಳ ನಡುವೆ ಕೈ ಹಾಕಬೇಡಿ.

ಕೆಲವೊಮ್ಮೆ ಗಂಡು ಹೆಣ್ಣಿನ ಚಿಪ್ಪು ಹಿಡಿದು ಅಲುಗಾಡಿಸುತ್ತದೆ, ಸ್ವಲ್ಪ ಹೊತ್ತಿಗೆ ಎರಡೂ ಚಿಪ್ಪಿನಿಂದ ಅರ್ಧ ಹೊರಬಂದು ಹೊಟ್ಟೆಗೆ ಹೊಟ್ಟೆ ತಾಗಿಸುತ್ತವೆ. ಅದು ಮಿಲನ. ಎರಡೂ ತಾವಾಗಿ ಹೊರಬಂದಿದ್ದರೆ ಗಾಬರಿ ಬೇಡ.

ಚಿಪ್ಪಿನ ಜಗಳಕ್ಕೆ ತನ್ನದೇ ಒಂದು ಕ್ರಮವಿದೆ. ದಾಳಿಗೆ ಬಂದ ಏಡಿ ಮೊದಲು ಇನ್ನೊಂದರ ಚಿಪ್ಪಿನ ಹೊರಮೈಯನ್ನು ಕಾಲಿನಿಂದ ಸವರುತ್ತ ಸುತ್ತು ಹಾಕುತ್ತದೆ, ಚಿಪ್ಪಿನ ಬಾಯಿಯ ಅಂಚಿಗೆ ಮೀಸೆ ತೂರಿಸಿ ನೋಡುತ್ತದೆ. ಆಮೇಲೆ ಮೇಲೆ ಹತ್ತಿ, ಚಿಪ್ಪನ್ನು ಮಗುಚಿ ಬಾಯಿ ತನ್ನ ಕಡೆ ಬರುವಂತೆ ತಿರುಗಿಸಿಕೊಳ್ಳುತ್ತದೆ. ಒಳಗಿರುವ ಏಡಿ ತನ್ನ ದೊಡ್ಡ ಎಡ ಇಕ್ಕಳವನ್ನೂ ಒಂದು ಎಡಗಾಲನ್ನೂ ಬಾಯಿಗೆ ಅಡ್ಡ ಇಟ್ಟು ಕದ ಹಾಕಿಕೊಳ್ಳುತ್ತದೆ. ಹೊರಗಿನದು ಚಿಪ್ಪನ್ನು ಹಿಂದೆ ಮುಂದೆ ಕುಲುಕುತ್ತದೆ, ತನ್ನ ಚಿಪ್ಪಿನಿಂದ ಕುಟ್ಟುತ್ತದೆ, ಇಕ್ಕಳವನ್ನು ಸಂದಿಗೆ ತೂರಿಸಿ ಕಾಲು ಹಿಡಿದು ಎಳೆಯುತ್ತದೆ. ಈ ಹಂತದಲ್ಲಿ ಕಿರಕಿರ ಎಂಬ ಸದ್ದು ಕೇಳುತ್ತದೆ. ಅದು ಪೀಡೆಗೆ ಒಳಗಾದ ಏಡಿಯ ದೂರು. ಸವರುವವರೆಗೆ ನೋಡುತ್ತಿರಬಹುದು, ಇಕ್ಕಳ ಒಳಗೆ ಹೋಯಿತೆಂದರೆ ಬಿಡಿಸಬೇಕು.

ಮೂರನೆಯದು, ಪೊರೆ ಬಿಡುವ ಏಡಿಯ ಮೇಲಿನ ದಾಳಿ, ಎಲ್ಲಕ್ಕಿಂತ ಅಪಾಯಕಾರಿ, ಆದರೆ ಸದ್ದೇ ಇರುವುದಿಲ್ಲ. ಮರಳಿನ ಮೇಲೆ ಅಲ್ಲಾಡದೆ ಬಿದ್ದಿರುವ ಏಡಿಯ ಸುತ್ತ ಎರಡು ಮೂರು ಏಡಿಗಳು ಸೇರಿ ಏನೋ ಕಿತ್ತು ತಿನ್ನುತ್ತಿರುತ್ತವೆ. ಅಥವಾ ಪೊರೆ ಬಿಡಲು ಒಂದು ಏಡಿ ಮರಳಿನೊಳಗೆ ಮುಳುಗಿದ ಜಾಗದಲ್ಲೇ ಇನ್ನೊಂದು ಹಟ ಹಿಡಿದು ಅಗೆಯುತ್ತಿರುತ್ತದೆ. ಇಲ್ಲಿ ಕಾಯುವ ಪ್ರಶ್ನೆಯೇ ಇಲ್ಲ.

ಬಿಡಿಸುವ ಬಗೆ

ಕೈಯಲ್ಲಿ ಹಿಡಿದು ಎಳೆಯಬೇಡಿ. ಸನ್ಯಾಸಿ ಏಡಿ ಮೈ ಹರಿದುಹೋದರೂ ಚಿಪ್ಪು ಬಿಡುವುದಿಲ್ಲ. ಎಳೆದವರ ಕೈಗೆ ಏಡಿಯ ಅರ್ಧ ಭಾಗ ಮಾತ್ರ ಬಂದೀತು.

ಮೊದಲು ಕ್ಲೋರಿನ್ ತೆಗೆದ, ಟ್ಯಾಂಕಿನಷ್ಟೇ ಬೆಚ್ಚಗಿರುವ ನೀರನ್ನು ಮೇಲಿನ ಏಡಿಯ ಮುಖದ ಹತ್ತಿರ ಹತ್ತಿಪ್ಪತ್ತು ಹನಿ ಬಿಡಿ. ಹೆಚ್ಚಿನವು ಹಿಡಿತ ಸಡಿಲಿಸಿ ಚಿಪ್ಪಿನೊಳಗೆ ಸರಿಯುತ್ತವೆ. ಬಗ್ಗದಿದ್ದರೆ ತೆಳು ಪ್ಲಾಸ್ಟಿಕ್ ಕಾರ್ಡನ್ನು ಎರಡು ಚಿಪ್ಪುಗಳ ನಡುವೆ ನಿಧಾನಕ್ಕೆ ತೂರಿಸಿ, ಇಕ್ಕಳ ಒಳಗಿರುವ ಕಡೆಯಿಂದಲ್ಲ, ಎದುರು ಕಡೆಯಿಂದ. ಅದಕ್ಕೂ ಜಗ್ಗದಿದ್ದರೆ ಎರಡನ್ನೂ ಒಟ್ಟಿಗೇ ಎತ್ತಿ, ಚಿಪ್ಪಿನ ಬಾಯಿಯ ಅಂಚು ಮುಳುಗುವಷ್ಟು ಮಾತ್ರ ಉಪ್ಪುನೀರು (ಅಡುಗೆ ಉಪ್ಪಿನದಲ್ಲ, ಮುಂದೆ ಹೇಳಿರುವ ಸಮುದ್ರದ ಅಕ್ವೇರಿಯಂ ಉಪ್ಪಿನದು) ಇರುವ ಬಟ್ಟಲಲ್ಲಿ ಇಡಿ. ಒಂದೆರಡು ನಿಮಿಷದಲ್ಲಿ ಬಿಡುತ್ತವೆ.

ಬಿಟ್ಟ ಮೇಲೆ ದಾಳಿ ಮಾಡಿದ್ದನ್ನು ಪ್ರತ್ಯೇಕಿಸಿ, ಪೆಟ್ಟು ತಿಂದದ್ದನ್ನಲ್ಲ. ಪೆಟ್ಟು ತಿಂದದ್ದಕ್ಕೆ ಪರಿಚಿತ ಜಾಗವೇ ಕ್ಷೇಮ. ಪ್ರತ್ಯೇಕಿಸಲು ಬೇರೆ ಟ್ಯಾಂಕ್ ಹುಡುಕಬೇಕಿಲ್ಲ. ತೂತು ಕೊರೆದ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯನ್ನು ಅದೇ ಟ್ಯಾಂಕಿನೊಳಗೆ ಇಡಿ. ಆಗ ಬಿಸಿ ಮತ್ತು ತೇವ ಎರಡೂ ಸಮ ಇರುತ್ತವೆ. ಒಳಗೆ ನಾಲ್ಕು ಬೆರಳು ಮರಳು, ಸಿಹಿನೀರು, ಉಪ್ಪುನೀರು, ಊಟ, ಮುಖ್ಯವಾಗಿ ನಾಲ್ಕೈದು ಚಿಪ್ಪು. ಎರಡು ಮೂರು ದಿನ ಸಾಕು. ಆ ಅವಧಿಯಲ್ಲಿ ಅದು ಚಿಪ್ಪು ಬದಲಿಸಿಕೊಂಡರೆ ಕಾರಣ ಸಿಕ್ಕ ಹಾಗೇ.

ಕಾಲು ಮುರಿದಿದ್ದರೆ, ಚಿಪ್ಪು ಬಿಟ್ಟಿದ್ದರೆ

ಏಡಿಯ ಕಾಲು ಬುಡದ ಹತ್ತಿರ ಇರುವ ಒಂದು ನಿರ್ದಿಷ್ಟ ಗೆಣ್ಣಿನಲ್ಲಿ ಕಳಚಿಕೊಳ್ಳುತ್ತದೆ. ಅಲ್ಲಿ ರಕ್ತ ತಾನಾಗಿ ನಿಲ್ಲುತ್ತದೆ. ಕಾಲು ಮುಂದಿನ ಪೊರೆಗಳಲ್ಲಿ ಮತ್ತೆ ಬೆಳೆಯುತ್ತದೆ, ಮೊದಲು ಬುಡದಲ್ಲಿ ಜೆಲ್ಲಿಯಂಥ ಮೊಳಕೆ ಕಾಣುತ್ತದೆ. ಹಾಗಾಗಿ ಒಂದು ಕಾಲು ಹೋದ ಏಡಿಗೆ ಔಷಧಿ ಹಚ್ಚುವ ಕೆಲಸವಿಲ್ಲ. ಬುಡದಲ್ಲಿ ನೀಟಾಗಿ ಕಳಚಿದ್ದರೆ ಜಗಳವೇ ಕಾರಣ ಎನ್ನುವಂತಿಲ್ಲ. ಒಂದೇ ವಾರದಲ್ಲಿ ಎರಡು ಮೂರು ಕಾಲು ಉದುರಿದರೆ ಸಾಗಾಟದ ದಣಿವು, ಒಣ ಗಾಳಿ, ಅತಿ ಬಿಸಿ ಇಂಥವನ್ನು ಮೊದಲು ಅನುಮಾನಿಸಿ. ಕಾಲಿನ ನಡುವೆ ಹರಿದಿದ್ದರೆ, ಕಣ್ಣಿನ ದಂಟು ಅಥವಾ ಮೀಸೆ ತುಂಡಾಗಿದ್ದರೆ ಅದು ಕಚ್ಚಿದ್ದು.

ಜಗಳದಲ್ಲಿ ಸೋತು, ಚಿಪ್ಪಿಲ್ಲದೆ ಬತ್ತಲೆ ನಿಂತ ಏಡಿಯದ್ದು ತುರ್ತು ಪರಿಸ್ಥಿತಿ. ಅದರ ಹಿಂಬದಿ ಮೆತ್ತನೆಯ, ಚರ್ಮ ಮಾತ್ರ ಇರುವ ಭಾಗ, ಬೇಗ ಒಣಗುತ್ತದೆ. ಹೀಗೆ ಮಾಡಿ:

1. ಅಂಗೈಯಗಲದ ಬಟ್ಟಲಲ್ಲಿ, ಏಡಿಯ ಹೊಟ್ಟೆ ಒದ್ದೆಯಾಗುವಷ್ಟು ಮಾತ್ರ ಉಪ್ಪುನೀರು ಹಾಕಿ. ಒಂದೆರಡು ದೊಡ್ಡ ಚಮಚ ಸಾಕು.
2. ಅದು ಕಳೆದುಕೊಂಡ ಚಿಪ್ಪಿನ ಅಳತೆಯದೇ ಎರಡು, ಸ್ವಲ್ಪ ದೊಡ್ಡದು ಎರಡು, ಒಳಗೆ ಉಪ್ಪುನೀರು ಆಡಿಸಿ ಚೆಲ್ಲಿ, ಬಾಯಿ ಮೇಲಾಗಿ ಇಡಿ.
3. ಚಮಚದಲ್ಲಿ ಏಡಿಯನ್ನು ಎತ್ತಿ ನಡುವೆ ಬಿಡಿ. ಬೆರಳಿನಿಂದ ಹೊಟ್ಟೆ ಮುಟ್ಟಬೇಡಿ.
4. ಮೇಲೆ ಬಟ್ಟೆ ಮುಚ್ಚಿ ಕತ್ತಲು ಮಾಡಿ, ಬಟ್ಟಲನ್ನು ಟ್ಯಾಂಕಿನೊಳಗಿನ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಎರಡು ಗಂಟೆ ಇಣುಕಬೇಡಿ.

ಸಾಮಾನ್ಯವಾಗಿ ಅಷ್ಟರಲ್ಲಿ ಹೊಕ್ಕಿರುತ್ತದೆ. ಹೊಕ್ಕಿಲ್ಲದಿದ್ದರೆ ಚಿಪ್ಪುಗಳನ್ನು ಬದಲಿಸಿ ಮತ್ತೆ ಕಾಯಿರಿ. ಒತ್ತಿ ತುರುಕಿದರೆ ಹೊಟ್ಟೆ ಹರಿಯುತ್ತದೆ, ಇಲ್ಲವೇ ಹೊಕ್ಕ ಮರುಕ್ಷಣ ಹೊರಬರುತ್ತದೆ.

ಮೂರು ರಾತ್ರಿ ಕಾವಲು

ಇವು ರಾತ್ರಿ ಓಡಾಡುವ ಪ್ರಾಣಿಗಳು. ಹಗಲು ನೋಡಿ ತೀರ್ಮಾನಕ್ಕೆ ಬಂದರೆ ತಪ್ಪುತ್ತೀರಿ. ಮಂದ ಕೆಂಪು ಬೆಳಕಿನಲ್ಲಿ ಕೂತು ನೋಡಿ, ಅಥವಾ ಕತ್ತಲಲ್ಲಿ ಕಾಣುವ ಸಣ್ಣ ಕ್ಯಾಮೆರಾ ಇಡಿ. ಬರೆದುಕೊಳ್ಳಬೇಕಾದದ್ದು ನಾಲ್ಕೇ: ಯಾವುದು ಯಾವುದರ ಮೇಲೆ ಹೋಯಿತು, ಎಲ್ಲಿ, ಎಷ್ಟು ಹೊತ್ತಿಗೆ, ಹೇಗೆ ಮುಗಿಯಿತು. ಒಂದೇ ಏಡಿ ಒಂದೇ ಏಡಿಯ ಬೆನ್ನು ಬಿದ್ದಿದ್ದರೆ ಅದಕ್ಕೆ ಬೇಕಿರುವುದು ಆ ಒಂದು ಚಿಪ್ಪು. ಒಂದೇ ಏಡಿ ಕಂಡಕಂಡವುಗಳ ಮೇಲೆ ಹತ್ತುತ್ತಿದ್ದರೆ ಅದರ ಈಗಿನ ಚಿಪ್ಪು ತೀರಾ ಬಿಗಿ ಅಥವಾ ಒಡೆದಿದೆ. ಎಲ್ಲವೂ ಒಂದೇ ಏಡಿಯ ಸುತ್ತ ಸೇರುತ್ತಿದ್ದರೆ ಅದರ ಮೈಯಿಂದ ಪೊರೆಯ ವಾಸನೆ ಬರುತ್ತಿದೆ. ಎಲ್ಲ ಕಡೆ ಎಲ್ಲವೂ ಕಾದಾಡುತ್ತಿದ್ದರೆ ಜಾಗ ಸಾಲದು.

ಆದರೆ ಕಾವಲು ಮುಗಿಯಲಿ ಎಂದು ಚಿಪ್ಪು ಮತ್ತು ಪ್ರೋಟೀನನ್ನು ತಡೆಹಿಡಿಯಬೇಡಿ. ಇವೆರಡನ್ನು ಮೊದಲ ರಾತ್ರಿಯೇ ಹಾಕಿ. ಹಾಕಿದ್ದರಿಂದ ಕೆಡುವುದು ಏನೂ ಇಲ್ಲ.

ಚಿಪ್ಪಿನ ಲೆಕ್ಕ

ಏಡಿಗೆ ಮೂರರಿಂದ ಐದು ಹೆಚ್ಚುವರಿ ಚಿಪ್ಪು. ಇದು ಎಲ್ಲರೂ ಹೇಳುವ ಲೆಕ್ಕ, ಸರಿಯಾದದ್ದೇ. ಜಗಳ ನಿಲ್ಲದಿರುವುದು ಸಂಖ್ಯೆಯಿಂದಲ್ಲ. ಇಪ್ಪತ್ತು ಚಿಪ್ಪು ಬಿದ್ದಿರುತ್ತವೆ, ಆದರೆ ಆ ಏಡಿಯ ಅಳತೆಗೆ, ಅದು ಇಷ್ಟಪಡುವ ಬಾಯಿಯ ಆಕಾರಕ್ಕೆ ಒಂದೂ ಇರುವುದಿಲ್ಲ.

ಅಳೆಯುವುದು ಬಾಯಿಯ ಅಗಲವನ್ನು, ಚಿಪ್ಪಿನ ಉದ್ದವನ್ನಲ್ಲ. ಬಾಯಿಯ ಒಳ ಅಂಚಿನಿಂದ ಒಳ ಅಂಚಿಗೆ, ಅತಿ ಅಗಲ ಇರುವಲ್ಲಿ, ಮಿಲಿಮೀಟರಿನಲ್ಲಿ. ಖಾಲಿ ಚಿಪ್ಪಿಗೆ ಕ್ಯಾಲಿಪರ್ ಅಥವಾ ಸ್ಕೇಲು ಸಾಕು. ಏಡಿ ಒಳಗಿರುವ ಚಿಪ್ಪನ್ನು ಅಳೆಯಲು ಅದು ಗಾಜು ಹತ್ತಿದಾಗ ಹೊರಗಿನಿಂದ ಸ್ಕೇಲು ಒತ್ತಿ ಹಿಡಿದು ಫೋಟೋ ತೆಗೆಯಿರಿ. ದೊಡ್ಡ ಇಕ್ಕಳದ ಅಗಲವೂ ಆ ಫೋಟೋದಲ್ಲೇ ಸಿಗುತ್ತದೆ. ಹೊಂದುವ ಚಿಪ್ಪಿನ ಬಾಯಿ ಆ ಇಕ್ಕಳಕ್ಕಿಂತ ತುಸು ಅಗಲ. ಏಡಿ ಪೂರ್ತಿ ಒಳಗೆ ಸರಿದು ಇಕ್ಕಳದಿಂದ ಕದ ಹಾಕಿಕೊಳ್ಳಲು ಆಗಬೇಕು. ಹೆದರಿಸಿದಾಗಲೂ ಕಾಲುಗಳು ಹೊರಗೇ ಉಳಿದರೆ ಚಿಪ್ಪು ಸಣ್ಣದು.

ಉದಾಹರಣೆಗೆ ಈಗಿನ ಬಾಯಿ 20 ಮಿ.ಮೀ. ಇದ್ದರೆ, 20, 22, 24 ಮಿ.ಮೀ. ಬಾಯಿಯ ಚಿಪ್ಪುಗಳನ್ನು ಇಡಿ, 22ರದ್ದು ಎರಡು. ತೀರಾ ಸಣ್ಣ ಏಡಿಗಳಿಗೆ ಒಂದೆರಡು ಮಿ.ಮೀ. ಹೆಚ್ಚಳವೇ ದೊಡ್ಡ ಅಂತರ.

ಆಕಾರದಲ್ಲೂ ಅಭಿರುಚಿ ಇದೆ. ಸಾಕಣೆಯಲ್ಲಿ ಹೆಚ್ಚು ಕಾಣುವ ಕೆರಿಬಿಯನ್ ಏಡಿ, ಸೀನೋಬಿಟಾ ಕ್ಲಿಪಿಯೇಟಸ್, ದುಂಡು ಬಾಯಿಯ ಟರ್ಬೊ ಎಂಬ ಸಮುದ್ರ ಬಸವನಹುಳುವಿನ ಚಿಪ್ಪುಗಳನ್ನು ಇಷ್ಟಪಡುತ್ತದೆ. ಎಕ್ವಡಾರ್ ಏಡಿ ಎಂದು ಕರೆಯುವ ಸೀನೋಬಿಟಾ ಕಂಪ್ರೆಸಸ್ ಮೊಟ್ಟೆಯಾಕಾರದ ಅಥವಾ ಅರ್ಧಚಂದ್ರದಂಥ ಬಾಯಿಯ ನೆರೈಟ್ ಬಸವನಹುಳುವಿನ ಚಿಪ್ಪುಗಳ ಕಡೆ ವಾಲುತ್ತದೆ. ಎರಡೂ ಜಾತಿ ಒಟ್ಟಿಗಿದ್ದರೆ ಎರಡೂ ಬಗೆಯವು ಬೇಕು.

ಒಂದು ಸೂಕ್ಷ್ಮ. ನೆಲದ ಏಡಿಗಳು ಚಿಪ್ಪಿನ ಒಳಗೋಡೆಯನ್ನು ಕೆರೆದು, ನಡುವಿನ ಸುರುಳಿಕಂಬ ಸವೆಸಿ, ಒಳಗೆ ಜಾಗ ಮಾಡಿಕೊಳ್ಳುತ್ತವೆ. ಹಾಗೆ ಹಳತಾದ ಚಿಪ್ಪು ಹಗುರ, ಒಳಗೆ ವಿಶಾಲ. ಅದಕ್ಕೇ ಥಳಥಳಿಸುವ ಹೊಸ ಚಿಪ್ಪು ಪಕ್ಕದಲ್ಲೇ ಬಿದ್ದಿದ್ದರೂ ಇನ್ನೊಂದು ಏಡಿ ಹೊತ್ತ ಸವೆದ ಚಿಪ್ಪಿಗೇ ಕಾದಾಟ. ನಮಗೆ ಕಸ ಅನಿಸಿದ್ದು ಅವಕ್ಕೆ ವಾಸ್ತು ಮಾಡಿಸಿದ ಮನೆ. ಆದ್ದರಿಂದ ಏಡಿಗಳು ಬಿಟ್ಟ ಹಳೆಯ ಚಿಪ್ಪನ್ನು ಬಿಸಾಡಬೇಡಿ, ಒಡೆದಿಲ್ಲದಿದ್ದರೆ ಕುದಿಸಿ ಮತ್ತೆ ಇಡಿ. ಜಗಳದ ಚಿಪ್ಪು ಯಾವ ಬಗೆಯದೋ ಅದೇ ಬಗೆಯ, ಅದೇ ಅಳತೆಯ ಇನ್ನೆರಡು ಮೂರು ತಂದಿಡುವುದು ಈ ಇಡೀ ಮಾರ್ಗದರ್ಶಿಯಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ.

ಹೊಸ ಚಿಪ್ಪನ್ನು ಕ್ಲೋರಿನ್ ತೆಗೆದ ನೀರಿನಲ್ಲಿ ಐದು ನಿಮಿಷ ಕುದಿಸಿ. ಸುರುಳಿಯ ತುದಿಯಲ್ಲಿ ಬಿಸಿನೀರು ಸಿಕ್ಕಿಕೊಂಡಿರುತ್ತದೆ, ಹೊರಗೆ ತಣ್ಣಗಾದರೂ ಒಳಗೆ ಸುಡುತ್ತಿರುತ್ತದೆ. ಬಾಯಿ ಕೆಳಗೆ ಮಾಡಿ ಕೊಡವಿ, ಪೂರ್ತಿ ಆರಿದ ಮೇಲೆ ಉಪ್ಪುನೀರಿನಲ್ಲಿ ಅದ್ದಿ ಟ್ಯಾಂಕಿಗೆ ಇಡಿ. ಬಣ್ಣ ಬಳಿದ ಚಿಪ್ಪು ಬೇಡವೇ ಬೇಡ. ಪದರ ಎದ್ದು, ಏಡಿ ಅದನ್ನು ಕೆರೆದು ತಿನ್ನುತ್ತದೆ. ಚಿಪ್ಪುಗಳನ್ನು ಒಂದೇ ಮೂಲೆಯಲ್ಲಿ ಗುಡ್ಡೆ ಹಾಕದೆ ಟ್ಯಾಂಕಿನ ಎರಡು ತುದಿಗಳಲ್ಲಿ ಇಟ್ಟರೆ ಒಂದು ದೊಡ್ಡ ಏಡಿ ಅಂಗಡಿ ಕಾಯುತ್ತ ಕೂರಲು ಆಗುವುದಿಲ್ಲ.

ಹೊಟ್ಟೆಯ ವಿಷಯ

ಪೊರೆ ಬಿಟ್ಟ ಜೊತೆಗಾರನನ್ನು ತಿನ್ನುವುದು ಕ್ರೌರ್ಯವಲ್ಲ. ಪ್ರೋಟೀನ್, ಕ್ಯಾಲ್ಸಿಯಂ, ಕವಚಕ್ಕೆ ಬೇಕಾದ ಕೈಟಿನ್ ಮೂರೂ ಒಂದೇ ಕಡೆ ಸಿಗುವ ಊಟ ಅದು. ಈ ಮೂರು ತಟ್ಟೆಯಲ್ಲೇ ಸಿಕ್ಕರೆ ಆಸೆ ಬಹಳ ಮಟ್ಟಿಗೆ ಇಳಿಯುತ್ತದೆ.

ದಿನವೂ ಏನಾದರೊಂದು ಪ್ರೋಟೀನ್ ಇರಲಿ: ಸಿಪ್ಪೆ ಸಮೇತ ಒಣಸಿಗಡಿ, ಕ್ರಿಲ್ (ಸಿಗಡಿಯಂಥ ಪುಟ್ಟ ಸಮುದ್ರಜೀವಿ), ಉಪ್ಪು ಮಸಾಲೆ ಹಾಕದೆ ಬೇಯಿಸಿದ ಮೀನು ಅಥವಾ ಮೊಟ್ಟೆ, ಒಣಗಿಸಿದ ಹಿಟ್ಟಿನ ಹುಳು (ಮೀಲ್‌ವರ್ಮ್). ಸಿಗಡಿಯ ಸಿಪ್ಪೆಯಲ್ಲೂ ಹುಳುವಿನ ಹೊರಮೈಯಲ್ಲೂ ಕೈಟಿನ್ ಇದೆ, ಆದ್ದರಿಂದ ಸುಲಿದು ಕೊಡಬೇಡಿ. ಕ್ಯಾಲ್ಸಿಯಂಗೆ ಕಟಲ್‌ಬೋನ್ (ಕಟಲ್ ಮೀನಿನ ಒಳಚಿಪ್ಪು) ತುಂಡು, ಪುಡಿ ಮಾಡಿದ ಸಿಂಪಿ ಚಿಪ್ಪು ಅಥವಾ ಕುದಿಸಿ ಒಣಗಿಸಿದ ಮೊಟ್ಟೆಚಿಪ್ಪು ಸದಾ ಇರಲಿ. ಹಣ್ಣು, ಸೊಪ್ಪು, ಸಮುದ್ರಕಳೆ, ಒಣ ಓಕ್ ಎಲೆ ಇವೆಲ್ಲ ಜೊತೆಗೆ. ಪ್ಯಾಕೆಟ್ ಆಹಾರ ಕೊಳ್ಳುವಾಗ ಪಟ್ಟಿ ಓದಿ. ಕಾಪರ್ ಸಲ್ಫೇಟ್ (ತಾಮ್ರದ ಲವಣ), ಎಥಾಕ್ಸಿಕ್ವಿನ್ ಎಂಬ ಸಂರಕ್ಷಕ ಇದ್ದರೆ ಬಿಟ್ಟುಬಿಡಿ. ತಾಮ್ರ ಇಂಥ ಬೆನ್ನೆಲುಬಿಲ್ಲದ ಜೀವಿಗಳಿಗೆ ವಿಷ.

ತಟ್ಟೆ ಎರಡು ಇರಲಿ, ದೂರ ದೂರ. ಒಂದೇ ತಟ್ಟೆ ಇದ್ದರೆ ದೊಡ್ಡದು ಅದರೊಳಗೇ ಮಲಗುತ್ತದೆ, ಚಿಕ್ಕವು ಹಸಿದಿರುತ್ತವೆ. ಸಂಜೆ ಹಾಕಿ, ಒದ್ದೆ ಪದಾರ್ಥವನ್ನು ಮರುದಿನ ಬೆಳಗ್ಗೆ ತೆಗೆಯಿರಿ.

ಪೊರೆ ಬಿಡುವ ಕಾಲ

ಪೊರೆ ಬಿಡಲು ಏಡಿ ಮರಳಿನೊಳಗೆ ಹೋಗುವುದೇ ಇನ್ನೊಂದರ ಕೈಗೆ ಸಿಗದಿರಲಿ ಎಂದು. ಅದು ಒಳಗೆ ಹೋಗಲು ಆಗದಂಥ ಟ್ಯಾಂಕ್ ಮಾಡಿಟ್ಟು, ಆಮೇಲೆ ಮೇಲೆ ಬಿದ್ದದ್ದನ್ನು ತಿಂದ ಏಡಿಯನ್ನು ಬೈದರೆ ಪ್ರಯೋಜನವಿಲ್ಲ.

ಮರಳು ಕನಿಷ್ಠ 15 ಸೆಂ.ಮೀ. ಆಳ, ಅಥವಾ ಅತಿ ದೊಡ್ಡ ಏಡಿಯ ಎತ್ತರದ ಮೂರರಷ್ಟು. ಯಾವುದು ಹೆಚ್ಚೋ ಅದು. ಐದು ಪಾಲು ಶುದ್ಧ ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ, ಅಂದರೆ ಗೊಬ್ಬರ ಬೆರೆಸದ ಕೋಕೋಪೀಟ್. ಉಪ್ಪುನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳು ತೂರಿಸಿ ತೆಗೆದರೆ ಸುರಂಗ ಕುಸಿಯಬಾರದು, ಹಿಂಡಿದರೆ ನೀರು ತೊಟ್ಟಿಕ್ಕಬಾರದು. 76 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಟ್ಯಾಂಕಿಗೆ 15 ಸೆಂ.ಮೀ. ಆಳ ತುಂಬಲು ಸುಮಾರು 34 ಲೀಟರ್ ಮಿಶ್ರಣ ಬೇಕು. ಅದರಲ್ಲಿ ಮರಳೇ ನಲವತ್ತು ಕೆ.ಜಿ. ದಾಟುತ್ತದೆ, ಟ್ಯಾಂಕ್ ಇಡುವ ಮೇಜನ್ನು ಮೊದಲೇ ನೋಡಿಕೊಳ್ಳಿ.

ಮರಳು ಒಣಗಿದರೆ ಸುರಂಗ ಕುಸಿಯುತ್ತದೆ. ಗಾಜಿನ ಮೇಲೆ ಇಳಿದ ಹನಿಗಳೂ ಚೆಲ್ಲಿದ ನೀರೂ ತಳದಲ್ಲಿ ನಿಂತರೆ ಒಳಗಿದ್ದ ಏಡಿ ಅರ್ಧದಲ್ಲೇ ಮೇಲೆ ಬರುತ್ತದೆ. ಎರಡೂ ಸಂದರ್ಭದಲ್ಲಿ ಅದು ಮರಳಿನ ಮೇಲೆಯೇ ಪೊರೆ ಬಿಡುತ್ತದೆ, ಉಳಿದವು ವಾಸನೆ ಹಿಡಿದು ಬರುತ್ತವೆ. ವಾರಕ್ಕೊಮ್ಮೆ ಟಾರ್ಚ್ ಹಿಡಿದು ಗಾಜಿನ ತಳಭಾಗ ನೋಡಿ. ನೀರಿನ ಗೆರೆ ಕಂಡರೆ ಚಿಮುಕಿಸುವುದನ್ನು ನಿಲ್ಲಿಸಿ.

ಪೊರೆ ಹತ್ತಿರವಾದ ಏಡಿಯ ಬಣ್ಣ ಮಂಕಾಗುತ್ತದೆ, ಕಣ್ಣು ಮಬ್ಬಾಗುತ್ತದೆ, ವಿಪರೀತ ತಿಂದು ಕುಡಿಯುತ್ತದೆ, ಎಡಬದಿಯ ಹೊಟ್ಟೆಯ ಮೇಲೆ ನೀರು ತುಂಬಿದ ಗುಳ್ಳೆಯಂಥದ್ದು ಕಾಣಬಹುದು, ಎಲ್ಲೆಂದರಲ್ಲಿ ಅಗೆಯಲು ತೊಡಗುತ್ತದೆ. ಒಮ್ಮೆ ಇಳಿಯಿತೆಂದರೆ ಚಿಕ್ಕದು ಎರಡರಿಂದ ನಾಲ್ಕು ವಾರ, ಮಧ್ಯಮ ಗಾತ್ರದ್ದು ನಾಲ್ಕರಿಂದ ಎಂಟು ವಾರ, ದೊಡ್ಡದು ಎರಡು ಮೂರು ತಿಂಗಳು ಅಥವಾ ಇನ್ನೂ ಹೆಚ್ಚು. ಬದುಕಿದೆಯೋ ಇಲ್ಲವೋ ಎಂದು ಅಗೆದು ನೋಡುವ ಚಪಲವೇ ಎಷ್ಟೋ ಏಡಿಗಳ ಸಾವಿಗೆ ಕಾರಣ.

ಮರಳಿನ ಮೇಲೆಯೇ ಪೊರೆ ಬಿಟ್ಟ ಏಡಿಯನ್ನು ಎತ್ತಬೇಡಿ, ಗೋಡೆಯನ್ನು ಅದರ ಸುತ್ತ ತನ್ನಿ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ತಲೆ ಮತ್ತು ತಳ ಕತ್ತರಿಸಿ ಕೊಳವೆ ಮಾಡಿ. ಏಡಿಯ ಸುತ್ತ ಇಟ್ಟು ತಿರುಗಿಸುತ್ತ ಮರಳಿಗೆ ಎಷ್ಟು ಆಳ ಹೋಗುತ್ತದೋ ಅಷ್ಟು ಒತ್ತಿ. ಮೇಲೆಮೇಲೆ ಇಟ್ಟರೆ ಉಳಿದವು ಕೆಳಗಿನಿಂದ ಸುರಂಗ ತೋಡಿ ಬರುತ್ತವೆ. ಮೇಲ್ಬಾಯಿಗೆ ಪ್ಲಾಸ್ಟಿಕ್ ಜಾಲರಿ ಕಟ್ಟಿ, ಹೊರಗೆ ಕಪ್ಪು ಬಟ್ಟೆ ಸುತ್ತಿ. ದೊಡ್ಡ ಏಡಿಗೆ ತಳ ಕತ್ತರಿಸಿದ ಡಬ್ಬಿ ಬಳಸಿ. ಕಳಚಿದ ಪೊರೆಯನ್ನು ತೆಗೆಯಬೇಡಿ. ಏಡಿ ಅದನ್ನೇ ತಿಂದು ಹೊಸ ಕವಚ ಗಟ್ಟಿ ಮಾಡಿಕೊಳ್ಳುತ್ತದೆ. ಪೊರೆ ಪೂರ್ತಿ ತಿಂದು, ಕಾಲೂರಿ ಗಟ್ಟಿಯಾಗಿ ನಡೆಯತೊಡಗಿದ ಮೇಲೆಯೇ ಗೋಡೆ ತೆಗೆಯುವುದು.

ಒಳಗೆ ಮುಳುಗಿರುವುದನ್ನು ಇನ್ನೊಂದು ಅಗೆಯುತ್ತಿದ್ದರೆ ಅಗೆಯುವುದನ್ನು ಪ್ರತ್ಯೇಕಿಸಿ, ಆ ಜಾಗದ ಸುತ್ತ ಅಕ್ರಿಲಿಕ್ ಹಾಳೆಯನ್ನು ತಳ ಮುಟ್ಟುವಂತೆ ಇಳಿಸಿ. ಸುರಂಗ ಎತ್ತ ಹೋಗಿದೆಯೆಂದು ಮೊದಲು ಗಾಜಿನ ಬದಿಯಿಂದ ನೋಡಿ, ಇಲ್ಲದಿದ್ದರೆ ಹಾಳೆ ಏಡಿಯ ಮೇಲೇ ಇಳಿದೀತು.

ಸತ್ತ ಏಡಿ ಮರಳಿನ ಮೇಲೆ ಸಿಕ್ಕರೆ ತಡಮಾಡದೆ ತೆಗೆಯಿರಿ. ಸತ್ತ ಏಡಿಯ ವಾಸನೆ ಬದುಕಿರುವವುಗಳಿಗೆ "ಮನೆ ಖಾಲಿ ಇದೆ" ಎಂಬ ಬೋರ್ಡು. ಎಲ್ಲವೂ ಅಲ್ಲಿಗೆ ನುಗ್ಗುತ್ತವೆ, ನುಗ್ಗಿದಲ್ಲಿ ಜಗಳ.

ಜಾಗ, ಬಿಸಿ, ತೇವ

ಮಧ್ಯಮ ಗಾತ್ರದ ಏಡಿ ಒಂದಕ್ಕೆ ಸುಮಾರು 20 ಲೀಟರ್ ಜಾಗ. 75 ಲೀಟರಿನ ಟ್ಯಾಂಕಿನಲ್ಲಿ ಹೆಚ್ಚೆಂದರೆ ನಾಲ್ಕು. ಹತ್ತಲು ಬಲೆ, ಕಾರ್ಕ್ ತೊಗಟೆ, ಏಡಿಗೊಂದು ಅಡಗುತಾಣ ಮತ್ತು ಹೆಚ್ಚುವರಿ ಒಂದು. ಪೈನ್, ಸೀಡರ್ ಮರ ಬೇಡ. ಒಂದೇ ಬಾಗಿಲಿನ ಅಡಗುತಾಣದಲ್ಲಿ ಸೋತ ಏಡಿ ಸಿಕ್ಕಿಬೀಳುತ್ತದೆ, ಎರಡು ಕಡೆ ತೆರೆದಿರುವುದು ಲೇಸು.

ಬಿಸಿ 24ರಿಂದ 29 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 75ರಿಂದ 85. ಇವು ಕಿವಿರಿನಿಂದ ಉಸಿರಾಡುತ್ತವೆ, ಕಿವಿರು ಒಣಗಿದರೆ ನಿಧಾನವಾಗಿ ಉಸಿರುಗಟ್ಟುತ್ತದೆ. ಒಣಗಾಳಿಯಲ್ಲಿ ಏಡಿಗಳು ತೇವ ಹಿಡಿದಿಟ್ಟುಕೊಳ್ಳುವ ಚಿಪ್ಪಿಗಾಗಿ ಅಲೆಯುತ್ತವೆ, ಅದೂ ಜಗಳಕ್ಕೆ ದಾರಿ. ಮುಳ್ಳಿನ ಮೀಟರು ನಂಬಬೇಡಿ, ಡಿಜಿಟಲ್ ಇಡಿ, ಮರಳಿನ ಮಟ್ಟದಲ್ಲಿ. ಹೀಟಿಂಗ್ ಮ್ಯಾಟ್ ಹಿಂಬದಿಯ ಗಾಜಿಗೆ, ಮರಳಿಗಿಂತ ಮೇಲೆ, ಥರ್ಮೊಸ್ಟಾಟ್ ಜೊತೆ. ಕೆಳಗೆ ಅಂಟಿಸಿದರೆ ಹುದುಗಿರುವ ಏಡಿ ಬೇಯುತ್ತದೆ.

ಸಿಹಿನೀರು ಒಂದು, ಉಪ್ಪುನೀರು ಒಂದು, ಎರಡೂ ಏಡಿ ಮುಳುಗುವಷ್ಟು ಆಳ, ಹತ್ತಿ ಬರಲು ಬಲೆ ಅಥವಾ ಕಲ್ಲು. ಉಪ್ಪುನೀರಿಗೆ ಸಮುದ್ರದ ಅಕ್ವೇರಿಯಂ ಉಪ್ಪು, ಲೀಟರಿಗೆ ಸುಮಾರು 35 ಗ್ರಾಂ. ಅಡುಗೆ ಉಪ್ಪು ಆಗದು. ಮೇಲೆ ಹೇಳಿದ ಉಪ್ಪುನೀರೆಲ್ಲ ಇದೇ.

ಹೊಸ ಏಡಿ ಬಂದಾಗ

ಹೊಸದನ್ನು ಬಿಡುವ ದಿನ ಸಂಜೆ ಮೊದಲು ಎಲ್ಲಕ್ಕೂ ಪ್ರೋಟೀನ್ ಊಟ ಹಾಕಿ, ಹೊಸದರ ಅಳತೆಗೆ ಮೂರು ಚಿಪ್ಪು ಸೇರಿಸಿ, ಅಡಗುತಾಣಗಳ ಜಾಗ ಬದಲಿಸಿ. ಹಳೆಯವಕ್ಕೂ ಟ್ಯಾಂಕ್ ಹೊಸದೆನಿಸಿದರೆ ಹೊಸಬನ ಮೇಲಿನ ಗಮನ ಕಡಿಮೆ. ಮರಳಿನ ಮೇಲೆ ಪೊರೆ ಬಿಟ್ಟ ಏಡಿ ಟ್ಯಾಂಕಿನಲ್ಲಿರುವಾಗ, ಅಥವಾ ಹೊಸದರ ಮೈಮೇಲೆ ಹುಳ, ಗಾಯ ಇರುವಾಗ ಬಿಡಬೇಡಿ. ಎಲ್ಲವನ್ನೂ ಒಟ್ಟಿಗೆ ಸ್ನಾನ ಮಾಡಿಸಿ ಒಂದೇ ವಾಸನೆ ಬರಿಸುವ ಪದ್ಧತಿಯೊಂದಿದೆ. ಮುಳುಗುವಷ್ಟು ನೀರು ಟ್ಯಾಂಕಿನಲ್ಲೇ ಇದ್ದ ಮೇಲೆ ಅದು ಅವಕ್ಕೆ ಸುಮ್ಮನೆ ಹಿಂಸೆ.

ಮೊದಲ ಮೂರು ನಾಲ್ಕು ರಾತ್ರಿ ಮೀಸೆ ಆಡಿಸುವುದು, ಹತ್ತುವುದು ಜೋರಾಗಿಯೇ ಇರುತ್ತದೆ.

ಎಲ್ಲ ಮಾಡಿದರೂ ಅದೇ ಏಡಿ

ಚಿಪ್ಪು, ಊಟ, ಮರಳು, ಜಾಗ ನಾಲ್ಕೂ ಸರಿಯಾಗಿ ಒಂದು ತಿಂಗಳು ಕಳೆದ ಮೇಲೂ ಒಂದೇ ಏಡಿ ಇಕ್ಕಳ ತೂರಿಸುತ್ತಿದ್ದರೆ, ಅದರ ಚಿಪ್ಪನ್ನು ಮತ್ತೊಮ್ಮೆ ನೋಡಿ. ಅಂಚು ಒಡೆದಿರಬಹುದು, ತೂತಿರಬಹುದು, ಒಳಗೆ ಮರಳಿನ ಕಾಳು ಅಥವಾ ಹುಳ ಸೇರಿ ಹಿಂಸೆಯಾಗುತ್ತಿರಬಹುದು. ಚಿಪ್ಪು ಅರೆಬರೆ ಬಿಟ್ಟು ಹೊರಗೆ ಜೋತುಬೀಳುತ್ತಿದ್ದರೆ ಅನುಮಾನ ಗಟ್ಟಿ.

ಅಲ್ಲೂ ಏನೂ ಇಲ್ಲದಿದ್ದರೆ ಶಾಶ್ವತವಾಗಿ ಬೇರ್ಪಡಿಸಬೇಕಾಗುತ್ತದೆ. ಹಾಗೆಂದು ಒಂಟಿಯಾಗಿ ಇಡಬೇಡಿ, ಇವು ಗುಂಪಿನ ಜೀವಿಗಳು. ಜೊತೆಗೆ ಹಾಕುವ ಏಡಿಯ ಚಿಪ್ಪಿನ ಬಾಯಿ ಇದರದ್ದಕ್ಕಿಂತ ತುಂಬ ಚಿಕ್ಕದಿರಲಿ, ಇದರದ್ದು 25 ಮಿ.ಮೀ. ಇದ್ದರೆ ಅದರದ್ದು 14 ಅಥವಾ 15. ದೊಡ್ಡದಕ್ಕೆ ಆ ಚಿಪ್ಪಿನೊಳಗೆ ತಲೆ ತೂರುವುದೂ ಆಗದು, ಚಿಕ್ಕದು ಈ ಚಿಪ್ಪು ಹೊತ್ತು ನಡೆಯಲಾರದು. ಒಂದರ ಮನೆ ಇನ್ನೊಂದಕ್ಕೆ ಬೇಡದಿದ್ದಾಗ ಮೀಸೆ ಆಡಿಸುವುದರಲ್ಲೇ ಮಾತು ಮುಗಿಯುತ್ತದೆ. ಆದರೆ ಚಿಕ್ಕದು ಪೊರೆಗೆ ಇಳಿದಾಗ ಮಾತ್ರ ಅಕ್ರಿಲಿಕ್ ಹಾಳೆ ಕೈಗೆಟುಕುವಲ್ಲಿರಲಿ.